ಅಟ್ಟದ ಕಿಟಕಿ ತೆರೆದಿದೆಯಾ?

ಹಿಮದ ನಾಡಿನಲ್ಲಿ ಹುಟ್ಟಿದವಳಿಗೆ ಮಯೋರ್ಕಾ ದ್ವೀಪದಲ್ಲಿ ಚಳಿಯಾಯಿತು ಎಂದರೆ ಯಾರು ನಂಬುತ್ತಾರೆ? ಇಲ್ಜೆಯ ಅಮ್ಮನೇ ನಂಬಲಿಲ್ಲ. "ಮಗಳು ಸ್ಪೇನಲ್ಲಿ ಬಿಸಿಲು ಕಾಯ್ತಿದಾಳೆ ಅಂತ ನಾನು ಇಲ್ಲಿ ಊರೆಲ್ಲ ಹೇಳ್ಕೊಂಡು ಬಂದಿದೀನಿ, ನೀನು ನೋಡಿದ್ರೆ ಗಡಗಡ ಅಂತೀಯ" ಎಂದು ಫೋನಿನಲ್ಲಿ ನಕ್ಕಳು. ಆದರೆ ಲಾಟ್ವಿಯಾದಲ್ಲಿ ಚಳಿ ಇರುವುದು ಬೀದಿಯಲ್ಲಿ. ಮನೆಯೊಳಗೆ ಅಂಗಿ ಒಂದಿದ್ದರೆ ಸಾಕು. ಸಿನೆವ್ ಎಂಬ ಈ ಊರಿನ ಕಲ್ಲು ಮನೆಗಳಿಗಿಂತ ಬೀದಿಯೇ ವಾಸಿ. ಚಳಿ ಒಳಗೆ ಬಂದು, ಬಾಡಿಗೆಯನ್ನೂ ಕೊಡದೆ, ಮಾರ್ಚಿನವರೆಗೆ ಬೀಡುಬಿಡುತ್ತದೆ.

ಅವಳು ಒಂದು ಸೆಮಿಸ್ಟರ್ ಓದಲು ಬಂದವಳು. ಪಾಲ್ಮಾ ಪಟ್ಟಣದ ಬಾಡಿಗೆ ಕೈಗೆಟುಕದೆ, ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಈ ಊರಿನಲ್ಲಿ ಮದೋ ಕೊಲೋಮಾಳ ಮಹಡಿ ಕೋಣೆ ಹಿಡಿದಿದ್ದಳು. ಮದೋ ಎನ್ನುವುದು ಅಲ್ಲಿ ವಯಸ್ಸಾದ ಹೆಂಗಸಿಗೆ ಕೊಡುವ ಮರ್ಯಾದೆ. ಕೊಲೋಮಾ ಅದನ್ನು ಕೇಳಿ ಪಡೆದವಳಲ್ಲ, ಅದು ತಾನಾಗಿಯೇ ಬಂದು ಅವಳ ಮುಂದೆ ಕೈಕಟ್ಟಿ ನಿಲ್ಲುತ್ತಿತ್ತು. ಎಪ್ಪತ್ತೆಂಟು ವರ್ಷ. ಎರಡೂ ಮಂಡಿ ಹೋಗಿದ್ದವು, ಬಾಯಿ ಗಟ್ಟಿಯಾಗಿತ್ತು.

ಮೊದಲ ದಿನವೇ ಅವಳು ಹೇಳಿದ್ದಳು: "ನೋಡು ಹುಡುಗಿ, ನಿನ್ನ ಕೋಣೆ ಮೇಲೆ ಅಟ್ಟ ಇದೆ. ಚಳಿಗಾಲ ಬಂದ್ರೆ ಸೊಬ್ರಸಾದಾ ಅಲ್ಲಿ ತೂಗುತ್ತೆ, ಹಂದಿ ಮಾಂಸ ಕರುಳಲ್ಲಿ ತುಂಬಿ ಒಣಗಿಸೋದು. ಬೆಟ್ಟದ ಒಣ ಗಾಳಿ ಬೀಸಿದ್ರೆ ಕಿಟಕಿ ತೆಗೀಬೇಕು, ಕಡಲ ಒದ್ದೆ ಗಾಳಿ ಬೀಸಿದ್ರೆ ಮುಚ್ಚಬೇಕು. ಯಾವಾಗ ಏನು ಅಂತ ನಾನು ಕೆಳಗಿಂದ ಹೇಳ್ತೀನಿ. ನೀನಾಗಿ ನೀನು ಏನೂ ಮಾಡಬೇಡ."

"ಹೂಂ, ಮದೋ" ಎಂದಿದ್ದಳು ಇಲ್ಜೆ.

ಡಿಸೆಂಬರಿನಲ್ಲಿ ಹಂದಿ ಕಡಿಯುವ ದಿನ ಬಂತು. ಕೊಲೋಮಾಳ ಮಗ ತೊಮೆವ್, ಸೊಸೆ ಮೀಕೆಲಾ, ಅಕ್ಕಪಕ್ಕದವರು ಎಲ್ಲ ಬೆಳಗಾಗುವ ಮೊದಲೇ ಅಂಗಳದಲ್ಲಿ ನೆರೆದರು. ಗಂಡಸರು ಕಡಿದರು, ಹೆಂಗಸರು ಕರುಳು ತೊಳೆದರು, ಇಲ್ಜೆಗೆ ದಾರ ಕತ್ತರಿಸುವ ಕೆಲಸ ಸಿಕ್ಕಿತು. ಕೊಚ್ಚಿದ ಮಾಂಸಕ್ಕೆ ಉಪ್ಪು, ಕೆಂಪು ಮೆಣಸಿನ ಪುಡಿ ಹಾಕಿ ನಾದುವುದು ಮಾತ್ರ ಮನೆಯೊಡತಿಯ ಕೈ ಕೆಲಸ. ಐವತ್ತು ವರ್ಷ ಆ ಕೈ ಕೊಲೋಮಾಳದ್ದಾಗಿತ್ತು. ಈ ಸಲ ಮಣಿಕಟ್ಟು ಕೈಕೊಟ್ಟಿತು. ದೊಡ್ಡ ಮಣ್ಣಿನ ಬೋಗುಣಿಯನ್ನು ಸೊಸೆಯ ಕಡೆ ತಳ್ಳಿದಳು. ಮದುವೆಯಾಗಿ ಐದು ವರ್ಷವಾದರೂ 'ಪಾಲ್ಮಾದ ಹುಡುಗಿ' ಎಂದೇ ಕರೆಸಿಕೊಳ್ಳುತ್ತಿದ್ದ ಮೀಕೆಲಾಳ ಮುಖ ಅರಳಿತು.

ತಳ್ಳುವ ಮೊದಲು ಅತ್ತೆ ಎಲ್ಲರೆದುರಿಗೂ ಕೇಳಿದಳು: "ಹೊರಗಾಗಿಲ್ಲ ತಾನೆ ನೀನು?"

ಮುಟ್ಟಾದವಳ ಕೈ ತಾಗಿದರೆ ಮಾಂಸ ಕೆಡುತ್ತದೆ ಎಂಬುದು ಆ ದ್ವೀಪದ ಮುದುಕಿಯರ ನಂಬಿಕೆ. ಇಂಥದ್ದೆಲ್ಲ ನಮ್ಮ ಕಡೆ ಮಾತ್ರ ಎಂದುಕೊಂಡಿದ್ದರೆ ಅದು ನಮ್ಮ ಜಂಬ. ಮೀಕೆಲಾ ಊರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಇದೆಲ್ಲ ಬೊಗಳೆ ಎಂದು ಬಲ್ಲವಳು. ಆದರೂ ತಲೆ ತಗ್ಗಿಸಿ, "ಇಲ್ಲ ಅತ್ತೆ, ಸರಿಯಾಗೇ ಇದೀನಿ" ಎಂದಳು.

"ಆಣೆ?"

"ಆಣೆ."

ಮೊಣಕೈವರೆಗೆ ಕೆಂಪಾಗಿಸಿಕೊಂಡು ಎರಡು ಗಂಟೆ ನಾದಿದಳು. ಸಂಜೆಗೆ ಅಟ್ಟದ ಗಳಗಳ ತುಂಬ ಸೊಬ್ರಸಾದಾ ತೂಗಿತು.

ಜನವರಿಯಲ್ಲಿ ಪರೀಕ್ಷೆ ಬಂತು, ಜೊತೆಗೆ ಬೆಟ್ಟದ ಗಾಳಿಯೂ ಬಂತು. ಅಟ್ಟದ ಕಿಟಕಿಯಿಂದ ನುಗ್ಗಿ, ಏಣಿ ಮೆಟ್ಟಿಲಲ್ಲಿ ಇಳಿದು, ನೇರ ಇಲ್ಜೆಯ ಹಾಸಿಗೆಗೆ ಬಂದು ಮಲಗುತ್ತಿತ್ತು. ಬೆರಳು ಮರಗಟ್ಟಿ ಪೆನ್ನು ನಿಲ್ಲುತ್ತಿರಲಿಲ್ಲ. ಅವಳ ನೀಲಿ ತುಟಿ ನೋಡಲಾರದೆ ಮೀಕೆಲಾ ಒಂದು ದಿನ ತನ್ನ ಮನೆಯ ಗ್ಯಾಸ್ ಹೀಟರನ್ನು ಕದ್ದುಮುಚ್ಚಿ ಮಹಡಿಗೆ ಹೊತ್ತು ತಂದಳು.

"ಅತ್ತೆಗೆ ಹೇಳಬೇಡ ಕಣೇ. ಅವರಿಗೆ ಗ್ಯಾಸ್ ಅಂದ್ರೆ ಆಗಲ್ಲ. ಸ್ವಲ್ಪ ಹೊತ್ತು ಹಚ್ಚು, ಆರಿಸು. ಅಟ್ಟದ ಕಡೆ ಬಾಗಿಲು ಹಾಕ್ಕೊಂಡಿರು."

ಅಟ್ಟದ ಕಡೆಗೆ ಬಾಗಿಲೇ ಇರಲಿಲ್ಲ, ಹಳೆಯದೊಂದು ಪರದೆ ಇತ್ತು. ಹಾಗಾಗಿ ಇಲ್ಜೆ ಅಟ್ಟ ಹತ್ತಿ ಕಿಟಕಿಯ ಕದವನ್ನೇ ಮುಚ್ಚಿ ಅಗಳಿ ಹಾಕಿದಳು. ಒಂದೇ ದಿನ ಎಂದುಕೊಂಡಳು. ಹೀಟರು ಹೊತ್ತಿತು, ಕೋಣೆ ಬೆಚ್ಚಗಾಯಿತು, ಅಂಥ ಸುಖ ಬಿಡಲು ಯಾರಿಗೆ ಮನಸ್ಸು ಬರುತ್ತದೆ? ಎರಡನೆಯ ದಿನ ಒಗೆದ ಬಟ್ಟೆಯನ್ನೂ ತಂದು ಅಟ್ಟದ ಗಳದ ಮೇಲೆ, ಸೊಬ್ರಸಾದಾಗಳ ಪಕ್ಕದಲ್ಲೇ ಹರವಿದಳು.

ದಿನಾ ಬೆಳಿಗ್ಗೆ ಕೊಲೋಮಾ ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದಳು: "ಅಟ್ಟದ ಕಿಟಕಿ ತೆರೆದಿದೆಯಾ ಮಗಳೇ?"

"ಹೂಂ, ಮದೋ!"

ಎಂಟು ದಿನ ಬೆಳಿಗ್ಗೆ ಕೇಳಿದಳು. ಎಂಟು ದಿನವೂ ಹೂಂ ಬಂತು. ಮೊದಲ ಸಲ ನಾಲಿಗೆ ತಡವರಿಸಿತ್ತು. ನಾಲ್ಕನೆಯ ಸಲಕ್ಕೆ ಹಾಸಿಗೆಯಿಂದ ಏಳದೆಯೇ ಹೇಳುವಷ್ಟು ಸಲೀಸಾಗಿತ್ತು. ಒಂಬತ್ತನೆಯ ದಿನ ಪರೀಕ್ಷೆ ಮುಗಿಸಿ ಬಂದು ಅಟ್ಟ ಹತ್ತಿ ನೋಡಿದರೆ ಸೊಬ್ರಸಾದಾಗಳು ಬೆವೆತಿದ್ದವು. ಮೈಮೇಲೆ ಹಸಿರು ಬೂಷ್ಟು. ಕಿಟಕಿ ತೆರೆದಳು, ಬಟ್ಟೆ ಬಾಚಿಕೊಂಡಳು, ಎಣ್ಣೆ ಬಟ್ಟೆ ಹಿಡಿದು ಒಂದೊಂದನ್ನೂ ಮದುಮಗಳ ಹಾಗೆ ಒರೆಸಿ ಹೊಳೆಸಿದಳು. ಹೀಟರನ್ನು ಮೀಕೆಲಾಗೆ ಮರಳಿಸಿದಳು. ಒಂದು ಗುಲಾಬಿ ಬಣ್ಣದ ಕಾಲುಚೀಲ ಎಲ್ಲೋ ಕಳೆದುಹೋಗಿತ್ತು, ಅದನ್ನು ಹುಡುಕಲು ಆಗ ವ್ಯವಧಾನವಿರಲಿಲ್ಲ.

ಎರಡು ದಿನ ಕಳೆದು ಸಂತ ಅಂತೋನಿಯ ಹಬ್ಬದ ಮುನ್ನಾದಿನ. ಸಂಜೆ ಬೀದಿ ಬೀದಿಯಲ್ಲಿ ಬೆಂಕಿ ಹಾಕುತ್ತಾರೆ, ಅವರವರ ಮನೆಯ ಸೊಬ್ರಸಾದಾ ತಂದು ಕೆಂಡದಲ್ಲಿ ಸುಡುತ್ತಾರೆ. ಕೊಲೋಮಾಳ ಮನೆಯದೆಂದರೆ ಆ ಬೀದಿಗೇ ಹೆಸರು. ತೊಮೆವ್ ಅಟ್ಟದಿಂದ ಬುಟ್ಟಿ ತುಂಬ ಇಳಿಸಿಕೊಂಡು ಬಂದ. ನಲವತ್ತು ಜನ ಬ್ರೆಡ್ಡು ಹಿಡಿದು ಕಾದಿದ್ದರು.

ಮೊದಲ ತುಂಡು ಬಾಯಿಗಿಟ್ಟ ಪಕ್ಕದ ಮನೆಯ ಮುದುಕ ಅಲ್ಲೇ ಉಗಿದ.

"ಇದೇನು ಮದೋ, ಹುಳಿ ಹೊಡೀತಿದೆ! ಬೆಕ್ಕೂ ಮೂಸಲ್ಲ!"

ಎರಡನೆಯದನ್ನು ಕುಯ್ದರು, ಮೂರನೆಯದನ್ನು ಕುಯ್ದರು. ಮೇಲೆ ಥಳಥಳ, ಒಳಗೆ ಕೊಳೆ. ಯಾರೋ ಹೆಂಗಸು, "ಈ ವರ್ಷ ನಾದಿದ್ದು ಯಾರ ಕೈ?" ಎಂದಳು. ಅಷ್ಟು ಸಾಕಾಯಿತು. ಕೊಲೋಮಾ ಬೆಂಕಿಯ ಆಚೆ ನಿಂತಿದ್ದ ಸೊಸೆಯನ್ನು ದಿಟ್ಟಿಸಿದಳು.

"ಆಣೆ ಹಾಕಿದ್ಯಲ್ಲೇ ನನ್ನ ಮುಂದೆ. ನನ್ನ ಮುಂದೆ ನಿಂತು ಸುಳ್ಳು ಆಣೆ ಹಾಕಿದ್ಯಲ್ಲ."

"ಅತ್ತೆ, ನಾನು ಸುಳ್ಳು ಹೇಳ್ಲಿಲ್ಲ."

"ಹಾಗಾದ್ರೆ ಮಾಂಸ ಸುಳ್ಳು ಹೇಳ್ತಿದೆಯಾ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೀಕೆಲಾ ಗಂಡನ ಮುಖ ನೋಡಿದಳು. ತೊಮೆವ್ ಬೆಂಕಿ ಕೆದಕುತ್ತಿದ್ದ. ಅವಳು ಅಳಲಿಲ್ಲ. ಕೈಯಲ್ಲಿದ್ದ ಬ್ರೆಡ್ಡನ್ನು ಗೋಡೆಯ ಮೇಲಿಟ್ಟು ನಡೆದುಹೋದಳು. ಕುಂಬಳಕಾಯಿ ಕಳ್ಳ ಎಂದರೆ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ ಎನ್ನುತ್ತಾರೆ. ಇಲ್ಲಿ ಕಳ್ಳಿ ಕೆಂಡಕ್ಕೆ ಕೈ ಕಾಯಿಸುತ್ತ ಸುಮ್ಮನೆ ನಿಂತಿದ್ದಳು. ಈಗ ಬಾಯಿ ಬಿಟ್ಟರೆ ಹೀಟರಿನ ಸುದ್ದಿ ಬರುತ್ತದೆ, ಮೀಕೆಲಾಗೆ ಇನ್ನೊಂದು ಏಟು ಬೀಳುತ್ತದೆ ಎಂದು ಇಲ್ಜೆ ತನಗೆ ತಾನೇ ಹೇಳಿಕೊಂಡಳು. ಅದು ನೆಪ ಎಂದು ಅವಳಿಗೇ ಗೊತ್ತಿತ್ತು. ಹೆದರಿದ್ದಳು, ಅಷ್ಟೇ.

ಆಮೇಲಿನ ಭಾನುವಾರಗಳಲ್ಲಿ ತೊಮೆವ್ ಒಬ್ಬನೇ ಊಟಕ್ಕೆ ಬಂದ. ಮುಂದಿನ ವರ್ಷ ಬೋಗುಣಿ ಪಕ್ಕದ ಬೀದಿಯ ತನ್ನ ನಾದಿನಿಯ ಕೈಗೆ ಎಂದು ಕೊಲೋಮಾ ಸಾರಿದಳು. ಮೇಜಿನಲ್ಲಿ ಮೀಕೆಲಾಳ ಕುರ್ಚಿ ಖಾಲಿ. ಇಲ್ಜೆಯ ತಟ್ಟೆಗೆ ಮಾತ್ರ ಎರಡನೆಯ ಸಲ ಬಡಿಸಿ, "ತಿನ್ನು ಮಗಳೇ, ಬಡಕಲಾಗಿದೀಯ" ಎನ್ನುತ್ತಿದ್ದಳು ಮುದುಕಿ. ಔಷಧಿ ಅಂಗಡಿಯ ಮುಂದೆ ಹೋಗಬೇಕಾಗುತ್ತದೆಂದು ಇಲ್ಜೆ ರೈಲು ನಿಲ್ದಾಣಕ್ಕೆ ಸುತ್ತು ದಾರಿ ಹಿಡಿದಳು.

ಹೊರಡಲು ಎರಡು ದಿನ ಉಳಿದಾಗ ಇನ್ನು ತಡೆಯಲಾಗಲಿಲ್ಲ. ಮಧ್ಯಾಹ್ನ ಅಡುಗೆಮನೆಯಲ್ಲಿ ಕೊಲೋಮಾ ಬಾದಾಮಿ ಒಡೆಯುತ್ತ ಕೂತಿದ್ದಳು. ಇಲ್ಜೆ ನಿಂತಲ್ಲೇ ಎಲ್ಲ ಒದರಿಬಿಟ್ಟಳು: ಕಿಟಕಿ, ಹೀಟರು, ಒದ್ದೆ ಬಟ್ಟೆ, ಎಂಟು ಹೂಂ, ಎಣ್ಣೆ ಬಟ್ಟೆ.

ಕೊಲೋಮಾ ಸುತ್ತಿಗೆ ಕೆಳಗಿಟ್ಟಳು. ಮೇಜಿನ ಅರೆ ಎಳೆದು, ಒಗೆದು ಮಡಿಚಿಟ್ಟಿದ್ದ ಗುಲಾಬಿ ಕಾಲುಚೀಲವನ್ನು ತೆಗೆದು ಮುಂದೆ ಇಟ್ಟಳು.

"ಹಬ್ಬದ ಮಾರನೇ ದಿನ ಅಟ್ಟ ಹತ್ತಿದ್ದೆ. ಕೂತು ಕೂತು ಹತ್ತಿದೆ. ಗಳದ ಹಿಂದೆ ಬಿದ್ದಿತ್ತು."

"ಗೊತ್ತಿತ್ತಾ ನಿಮಗೆ? ಮತ್ತೆ... ಮೀಕೆಲಾಗೆ ಯಾಕೆ ಹೇಳ್ಲಿಲ್ಲ?"

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ನಲವತ್ತು ಜನರ ಮುಂದೆ ಅಂದ್ಬಿಟ್ಟೆ. ಈಗ ಒಂದು ಕಾಲುಚೀಲ ಹಿಡ್ಕೊಂಡು ನಲವತ್ತು ಬಾಗಿಲು ತಟ್ಟಲಾ? ಕೊಲೋಮಾಗೆ ಅಟ್ಟ ಹತ್ತೋಕೂ ಆಗಲ್ಲ, ಬಾಡಿಗೆ ಹುಡುಗಿ ಮಾತು ನಂಬಿ ಕೆಳಗೆ ಕೂತಿದ್ಲು ಅಂತಾರೆ." ಮುದುಕಿಯ ಗದ್ದ ಅಲುಗಿತು. "ನೀನು ಮಂಗಳವಾರ ಹೋಗ್ತೀಯ. ನೀನೂ ಹೇಳಬೇಡ, ನಾನೂ ಹೇಳಲ್ಲ. ಬಾ, ಬಾದಾಮಿ ಬಿಡಿಸು."

ಇಲ್ಜೆ ಕೂತು ಬಾದಾಮಿ ಬಿಡಿಸಿದಳು. ಹೇಳಿಕೊಂಡರೆ ಹಗುರಾಗುತ್ತದೆ ಎನ್ನುತ್ತಾರೆ. ಅವಳಿಗೆ ಭಾರ ಎರಡಾಯಿತು.

ಮಂಗಳವಾರ ಬೆಳಿಗ್ಗೆ ನಿಲ್ದಾಣದಲ್ಲಿ ಮೀಕೆಲಾ ಕಾದಿದ್ದಳು, ಅಂಗಡಿಯ ಬಿಳಿ ಕೋಟಿನಲ್ಲೇ. ದಾರಿಗೆಂದು ಸಿಹಿ ರೊಟ್ಟಿಯ ಪೊಟ್ಟಣ ತಂದಿದ್ದಳು.

"ಹೇಳದೇ ಹೋಗ್ತಿದ್ದೀಯಲ್ಲೇ ಕಳ್ಳಿ. ಅತ್ತೆ ಮೇಲಿನ ಸಿಟ್ಟಿಗೆ ನನ್ನನ್ನೂ ಬಿಟ್ಟುಬಿಟ್ಟೆಯಾ?"

ಮತ್ತೆ ಅವಳೇ ದನಿ ತಗ್ಗಿಸಿ ಹೇಳಿದಳು: "ನಗಬೇಡ. ಒಂದು ತಿಂಗಳಿಂದ ದಿನ ಎಣಿಸ್ತಿದೀನಿ. ಮಾಂಸ ನಾದಿದ ದಿನ ಬೆಳಿಗ್ಗೆ ಏನೂ ಇರ್ಲಿಲ್ಲ. ಆದ್ರೆ ಮಾರನೇ ದಿನ ಶುರುವಾಯ್ತು. ಅವತ್ತೇ ಒಳಗೊಳಗೆ ಶುರುವಾಗಿತ್ತೇನೋ, ನಂಗೆ ಗೊತ್ತಾಗ್ಲಿಲ್ವೇನೋ ಅನ್ಸುತ್ತೆ. ಔಷಧಿ ಅಂಗಡಿಯವಳು ನಾನು! ಅತ್ತೆ ಹೇಳಿದ್ದು ನಿಜ ಇರಬಹುದಾ ಅಂತ ಯೋಚಿಸ್ತೀನಿ, ನೋಡು."

ಮಾಡದ ತಪ್ಪನ್ನು ಇವಳು ತನ್ನ ಮೈಯಲ್ಲಿ ಹುಡುಕುತ್ತಿದ್ದಾಳೆ. ಪೆಟ್ಟಿಗೆ ಕೆಳಗಿಟ್ಟು, "ನಾನು ಮೀಕೆಲಾ. ನಾನು ಕಿಟಕಿ ಮುಚ್ಚಿದ್ದೆ" ಎಂದು ಆರಂಭಿಸಿ ಎಲ್ಲ ಹೇಳಿದಳು. ಈ ಸಲ ಕಣ್ಣು ತಗ್ಗಿಸಲಿಲ್ಲ.

ರೈಲು ಬಂದು ನಿಂತಿತು.

"ಎಂಟು ದಿನ ಕೇಳಿದ್ರಾ?"

"ಎಂಟು ದಿನ."

"ಎಂಟು ದಿನವೂ ನಿನ್ನ ಮಾತು ನಂಬಿದ್ರಾ?" ಮೀಕೆಲಾಳ ತುಟಿ ಬಿಗಿಯಿತು. "ನನ್ನನ್ನ ಒಂದೇ ಸಲ ಕೇಳಿದ್ದು."

ಇಲ್ಜೆ ಪೆಟ್ಟಿಗೆ ಎತ್ತಿಕೊಂಡಳು. ಬಾಗಿಲಲ್ಲಿ ಒಂದು ಕಾಲಿಟ್ಟಾಗ ಮೀಕೆಲಾ ಅವಳ ತೋಳು ಹಿಡಿದಳು.

"ಒಂದು ಹೇಳು. ಇದು ಅತ್ತೆಗೆ ಗೊತ್ತಾ?"

ಇಲ್ಜೆ ಅವಳ ಮುಖ ನೋಡಿದಳು. ಗೊತ್ತು ಎಂದರೆ, ತಿಂಗಳಿಂದ ಗೊತ್ತಿದ್ದೂ ಸೊಸೆಯನ್ನು ಹಾಗೇ ಬಿಟ್ಟ ಅತ್ತೆಯ ಮನೆಗೆ ಇವಳು ಮತ್ತೆ ಯಾವ ಮುಖ ಹೊತ್ತು ಕಾಲಿಡುತ್ತಾಳೆ? ಮುದುಕಿಯ ಮುಂದೆ ಕೂತು ಬಾದಾಮಿ ಬಿಡಿಸಿದ್ದೂ ನೆನಪಾಯಿತು.

"ಇಲ್ಲ" ಎಂದಳು. "ಅವರಿಗೆ ಗೊತ್ತಿಲ್ಲ."

ಎಂಟು ಸುಳ್ಳಿನ ಜೊತೆಗೆ ಇದು ಒಂಬತ್ತನೆಯದಾಯಿತು. ಬಾಗಿಲು ಮುಚ್ಚಿ ರೈಲು ಸರಿಯಿತು. ಕಿಟಕಿಯಿಂದ ನೋಡಿದರೆ ಬಿಳಿ ಕೋಟು ಕೊಲೋಮಾಳ ಮನೆಯ ಬೀದಿಯತ್ತ ಓಡುತ್ತಿತ್ತು.

ಇಂಕಾ ಎಂಬ ನಿಲ್ದಾಣ ದಾಟಿದ ಮೇಲೆ ಫೋನಿಗೆ ಸಂದೇಶ ಬಂತು. ಮೀಕೆಲಾ ಬರೆದಿದ್ದಳು: "ಅತ್ತೆಗೆ ನಿಜವಾಗ್ಲೂ ಏನೂ ಗೊತ್ತಿರ್ಲಿಲ್ಲ ಕಣೇ. ನಂಗೇನು ಗೊತ್ತು ಮಗಳೇ ಅಂತ ಕಣ್ಣೀರು ಹಾಕಿ ಕೈ ಹಿಡ್ಕೊಂಡ್ರು. ಬರೋ ವರ್ಷವೂ ಬೋಗುಣಿ ನಿಂದೇ ಅಂದ್ರು. ನಿನ್ನ ಮೇಲೆ ಸಿಟ್ಟಿದೆ. ಆದ್ರೂ ಕೊನೆಗೆ ನಿಜ ಹೇಳಿದ್ಯಲ್ಲ, ಅಷ್ಟು ಸಾಕು."

ಇಲ್ಜೆ ಫೋನು ಹಿಡಿದು ಹಾಗೇ ಕೂತಳು. ಒಂದು ನಿಲ್ದಾಣ ಹೋಯಿತು, ಇನ್ನೊಂದು ಹೋಯಿತು. ಆಮೇಲೆ "ಹೂಂ" ಎಂದು ಬರೆದು ಕಳಿಸಿದಳು.