ಹತ್ತು ಸಲ ಸುರಿದರೂ ಒಂದೇ ತೂಕ

ಆಗಸ್ಟ್ ಬಂತೆಂದರೆ ನಮ್ಮ ಕಣಿವೆಯಲ್ಲಿ ಗಂಡಸರು ಹೆಂಗಸರೆನ್ನದೆ ಎಲ್ಲರೂ ಗ್ಯಾರೇಜು ಸೇರುತ್ತಾರೆ. ಬೇಟೆಯ ಕಾಲಕ್ಕೆ ತೋಟಾ ತುಂಬಬೇಕಲ್ಲ. ಹಾರಿಸಿ ಉಳಿದ ಹಿತ್ತಾಳೆಯ ಖಾಲಿ ತೋಟಾಗಳನ್ನು ತೊಳೆದು, ಕಿಡಿ ಹೊತ್ತಿಸುವ ಹೊಸ ಕೇಪು ಒತ್ತಿ, ಮದ್ದು ಸುರಿದು, ಗುಂಡು ಕೂರಿಸುವುದು. ಮೊಂಟಾನಾದ ಈ ಕಡೆ ಇದು ಸೌತೆಕಾಯಿ ಉಪ್ಪಿನಕಾಯಿ ಹಾಕುವಷ್ಟೇ ಮನೆಮನೆಯ ಕೆಲಸ.

ಕೆಲಸದ ಜೊತೆಗೆ ಒಂದು ಜಗಳವೂ ಇದೆ. ಮೂರು ಗುಂಡು ಒಂದೇ ಕಡೆ ಬೀಳುತ್ತವೆ, ನಾಲ್ಕನೆಯದು ಗೇಣು ಕೆಳಗೆ. ಒಬ್ಬ ಗಾಳಿಯನ್ನು ಬೈಯುತ್ತಾನೆ, ಇನ್ನೊಬ್ಬ ದುರ್ಬೀನನ್ನು. ನನ್ನ ಗಂಡ ವೆಂಡೆಲ್ ಮಾತ್ರ ಯಾವಾಗಲೂ ಹೊಡೆದವರನ್ನೇ ಬೈಯುತ್ತಿದ್ದ.

ನಾನು ಆರ್ಡಿಸ್ ಕ್ಯೋಸ್. ಕೋವಿ ಹಿಡಿದವಳಲ್ಲ, ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಸೌಟು ಹಿಡಿದವಳು. ಬೇಟೆಗಾರರ ಸಂಘದವರು ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆದುಕೊಡಿ ಎಂದು ಕೇಳಿದರು. ವೆಂಡೆಲ್‌ನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ನಮ್ಮ ಮಗಳು ಸಿಗ್ನೆಗೆ ಮೂವತ್ತನಾಲ್ಕು ವರ್ಷ. ಶಾಲೆಯ ಬಸ್ಸು ಓಡಿಸುತ್ತಾಳೆ. ದೊಡ್ಡ ಕೊಂಬಿನ ಕಾಡುಟಗರಿನ ಬೇಟೆಗೆ ಸರ್ಕಾರ ಚೀಟಿ ಎತ್ತುತ್ತದೆ. ಸಾವಿರಾರು ಜನ ಹೆಸರು ಕೊಡುತ್ತಾರೆ, ಬೆರಳೆಣಿಕೆಯವರಿಗೆ ಸಿಗುತ್ತದೆ. ಸಿಗ್ನೆ ಹದಿನೇಳು ವರ್ಷದಿಂದ ಹೆಸರು ಕೊಡುತ್ತಿದ್ದಳು. ಆ ಜೂನ್‌ನಲ್ಲಿ ಪತ್ರ ಬಂತು. ಮೆಟ್ಟಿಲ ಮೇಲೆ ಕೂತು ಮೂರು ಸಲ ಓದಿದಳು.

"ಅಮ್ಮಾ, ನನ್ ಹೆಸ್ರೇ ಇದೆ ನೋಡು. ತಪ್ಪಿ ಬಂದಿಲ್ಲ ತಾನೇ?"

ವೆಂಡೆಲ್ ಕನ್ನಡಕ ಹಾಕಿಕೊಂಡು ತಾನೂ ಓದಿದ. "ಅಂಗಡಿ ತೋಟಾ ಬೇಡ ಮಗಳೇ. ನಾನೇ ತುಂಬಿ ಕೊಡ್ತೀನಿ."

"ನಂಗೂ ನಿನ್ ಕೈಯಿಂದ್ಲೇ ಬೇಕಪ್ಪ," ಎಂದಳು.

ಅಭ್ಯಾಸ ಶುರುವಾಯಿತು. ನಮ್ಮ ಹುಲ್ಲುಗಾವಲಿನ ಕೊನೆಯಲ್ಲಿರುವ ಮಣ್ಣಿನ ದಿಬ್ಬಕ್ಕೆ ಕಾಗದದ ಗುರಿ ಅಂಟಿಸಿ ಮುನ್ನೂರು ಗಜದಿಂದ ಹೊಡೆಯುತ್ತಿದ್ದಳು. ಎರಡು ಗುಂಡು ಒತ್ತೊತ್ತಾಗಿ ಬೀಳುತ್ತಿದ್ದವು. ಮೂರನೆಯದು ಕೆಳಗೆ. ಇನ್ನೊಂದು ದಿನ ಮೂರು ಸರಿ, ನಾಲ್ಕನೆಯದು ಮೇಲೆ.

"ಕುದುರೆ ಹಗ್ಗ ಎಳೆದ ಹಂಗೆ ಎಳೀತೀಯ ಕಣೇ ಕುದುರೇನ!" ವೆಂಡೆಲ್ ಕೂಗುತ್ತಿದ್ದ. ಗುಂಡು ಹಾರಿಸುವ ಕೋವಿಯ ಕುದುರೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಬೇಕು, ಎಳೆಯಬಾರದು ಎಂದು ಅವನ ಪಾಠ.

ಎರಡು ತಿಂಗಳು ಇದೇ ಮಾತು ಕೇಳಿ ಸಿಗ್ನೆ ಅದನ್ನು ನಂಬಿಬಿಟ್ಟಳು. ಒಂದು ದಿನ ಪಾತ್ರೆ ಒರೆಸುತ್ತಾ, ನನ್ನ ಮುಖ ನೋಡದೆ ಕೇಳಿದಳು. "ಅಮ್ಮ, ಚೀಟಿ ವಾಪಸ್ ಕೊಟ್ಬಿಡ್ಲಾ? ಅಂಥಾ ಪ್ರಾಣೀನ ಗಾಯ ಮಾಡಿ ಬಂಡೆ ಮೇಲೆ ಬಿಟ್ಟು ಬರೋದು ನನ್ ಕೈಲಿ ಆಗಲ್ಲ."

ಹದಿನೇಳು ವರ್ಷ ಕಾದವಳ ಬಾಯಲ್ಲಿ ಆ ಮಾತು! ನನಗೆ ತಡೆಯಲಾಗಲಿಲ್ಲ. ಮರುದಿನವೇ ಲವಾನ್ ಬ್ರೆಕ್‌ಳ ಮನೆಗೆ ಹೋದೆ.

ಲವಾನ್ ನಮ್ಮೂರ ಔಷಧಿ ಅಂಗಡಿಯಲ್ಲಿ ಮೂವತ್ತಾರು ವರ್ಷ ಔಷಧಿ ತೂಗಿ ಕೊಟ್ಟವಳು. ಎಪ್ಪತ್ತು ದಾಟಿದೆ. ಸಂಘದ ಗುರಿ ಪಂದ್ಯದಲ್ಲಿ ಅವಳನ್ನು ಸೋಲಿಸಿದವರನ್ನು ನಾನು ನೋಡಿಲ್ಲ. ಭಾನುವಾರ ಚರ್ಚು ಮುಗಿದ ಮೇಲೆ ಒಂದು ಸಣ್ಣ ಮರದ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ನಮ್ಮ ಗ್ಯಾರೇಜಿಗೆ ಬಂದಳು.

"ಏನ್ ಮಾರಾಯಾ ವೆಂಡೆಲ್, ಮಗಳ ಕೈ ನಡುಗ್ತದಂತೆ?"

"ನಡುಗಲ್ಲ, ಎಳೀತಾಳೆ."

"ನಿನ್ ಯಂತ್ರ ಸರಿಯಾಗಿ ಅಳೀತದಾ?"

"ನಲವತ್ತು ವರ್ಷದಿಂದ ತೋಟಾ ತುಂಬ್ತಿದೀನಿ ಲವಾನ್. ನೀನು ಮಾತ್ರೆ ಎಣಿಸ್ಕೊಂಡು ಕೂತಿದ್ದೋಳು."

"ಹೌದಪ್ಪ, ಎಣಿಸ್ತಿದ್ದೆ. ಅದಕ್ಕೇ ನಿಮ್ಮಪ್ಪ ತೊಂಬತ್ಮೂರು ಬದುಕಿದ್ದು. ಎಲ್ಲಿ, ಹತ್ತು ಸಲ ಸುರಿ ನೋಡೋಣ."

ಮದ್ದು ಅಳೆಯುವ ಯಂತ್ರವೆಂದರೆ ಒಂದು ಡಬ್ಬಿ, ಕೆಳಗೊಂದು ಕೊಳವೆ, ಪಕ್ಕದಲ್ಲೊಂದು ಹಿಡಿಕೆ. ಹಿಡಿಕೆ ಎತ್ತಿ ಇಳಿಸಿದರೆ ಒಂದು ತೋಟಾಕ್ಕೆ ಬೇಕಾದ ಮದ್ದು ಬೀಳುತ್ತದೆ. ವೆಂಡೆಲ್ ಮೊದಲನೆಯದನ್ನು ಮಾತ್ರ ತೂಗುತ್ತಿದ್ದ. ಆಮೇಲೆ ಹಿಡಿಕೆಯನ್ನೇ ನಂಬುತ್ತಿದ್ದ.

ಲವಾನ್ ಪೆಟ್ಟಿಗೆಯಿಂದ ತಕ್ಕಡಿ ತೆಗೆದಳು. ಕೂದಲಿನ ಎಳೆಯ ತೂಕಕ್ಕೂ ಅಲ್ಲಾಡುತ್ತದೇನೋ ಅನ್ನುವಂಥ ತಕ್ಕಡಿ. ವೆಂಡೆಲ್ ಹಿಡಿಕೆ ಎತ್ತಿದ. *ಕರಕ್.*

"ಏನದು ಸದ್ದು?"

"ಯಂತ್ರ ಹಳೇದು."

"ಯಂತ್ರ ಅಲ್ಲ ಮಾರಾಯಾ. ಮದ್ದಿನ ಉದ್ದ ಕಡ್ಡಿ ಹಿಡಿಕೆಗೆ ಸಿಕ್ಕಿ ಮುರೀತಿದೆ."

ಗ್ರೇನ್ ಎಂಬುದು ನಮ್ಮ ತೂಕದ ಲೆಕ್ಕ. ಒಂದು ಪೌಂಡಿಗೆ ಏಳು ಸಾವಿರ ಗ್ರೇನ್. ಮೊದಲ ಮೂರು ಸಲ ತಕ್ಕಡಿಯ ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ನಿಂತಿತು. ನಾಲ್ಕನೆಯದು ಅರ್ಧ ಗ್ರೇನ್ ಕಡಿಮೆ. ಐದನೆಯದು ಹೆಚ್ಚು. ಏಳನೆಯ ಸಲ ಹಿಡಿಕೆ ಇಳಿಸಿದಾಗ ತಟ್ಟೆಗೆ ಬಿದ್ದ ಮದ್ದು ಬರಿಗಣ್ಣಿಗೇ ಕಡಿಮೆ ಕಾಣಿಸಿತು.

"ನಿಲ್ಲು, ಅಲ್ಲಾಡಿಸ್ಬೇಡ," ಎಂದು ಲವಾನ್ ಕೊಳವೆಯೊಳಗೆ ಟಾರ್ಚು ಬಿಟ್ಟಳು. "ಬಾ, ಇಲ್ಲಿ ನೋಡು."

ಮದ್ದಿನ ಉದ್ದ ಕಡ್ಡಿಗಳು ಒಂದಕ್ಕೊಂದು ಅಡ್ಡಬಿದ್ದು, ಹೊಳೆಯಲ್ಲಿ ಮರದ ದಿಮ್ಮಿಗಳು ಸಿಕ್ಕಿಕೊಂಡ ಹಾಗೆ, ಕೊಳವೆಗೇ ಸೇತುವೆ ಕಟ್ಟಿದ್ದವು. ಎಂಟನೆಯ ಸಲ ಸುರಿದಾಗ ಆ ಸೇತುವೆ ಕುಸಿದು ತನ್ನ ಪಾಲಿನ ಜೊತೆ ಹಿಂದಿನದರ ಪಾಲನ್ನೂ ತಂದು ಸುರಿಯಿತು.

ವೆಂಡೆಲ್ ಆ ತಟ್ಟೆಯನ್ನೇ ನೋಡುತ್ತಾ ನಿಂತ.

"ಏಳನೇದು ಗುರಿ ಕೆಳಗೆ ಹೊಡೆಯತ್ತೆ," ಎಂದಳು ಲವಾನ್, ಈಗ ದನಿ ತಗ್ಗಿಸಿ. "ಎಂಟನೇದು ಅದಕ್ಕಿಂತ ಕೆಟ್ಟದ್ದು. ಮದ್ದು ಜಾಸ್ತಿಯಾದ್ರೆ ಒಳಗಿನ ಒತ್ತಡ ಎಲ್ಲಿಗೆ ಹೋಗತ್ತೆ ಅಂತ ಹೇಳೋಕಾಗಲ್ಲ. ಕೋವೀಲಿ ತೋಟಾ ಕೂರೋ ಭಾಗ, ಹೊಡೆಯುವಾಗ ಎಲ್ಲಿರತ್ತೆ, ಹೇಳು."

ಸಿಗ್ನೆಯ ಕೈ ತಾನಾಗಿ ತನ್ನ ಬಲಗೆನ್ನೆಗೆ ಹೋಯಿತು.

ಲವಾನ್ ಭೂತಗನ್ನಡಿಯನ್ನು ನನ್ನ ಕೈಗಿಟ್ಟಳು. "ನೀನೂ ನೋಡೇ ಆರ್ಡಿಸ್." ನೋಡಿದೆ. ಪೆನ್ಸಿಲ್ಲಿನ ಸೀಸ ಮುರಿದು ರಾಶಿ ಹಾಕಿದ ಹಾಗಿತ್ತು. ಆಮೇಲೆ ಲವಾನ್ ತಾನು ತಂದ ಸೀಸೆಯಿಂದ ಚಿಟಿಕೆ ಮದ್ದು ಬಿಳಿ ಕಾಗದದ ಮೇಲೆ ಹಾಕಿದಳು. ಅಯ್ಯೋ, ಅದನ್ನೇನೆಂದು ಹೇಳಲಿ! ಸಾಸಿವೆಗಿಂತ ಎಷ್ಟೋ ಸಣ್ಣ ಕಾಳು. ದುಂಡು ದುಂಡು, ಕೆಲವು ಕೊಂಚ ಚಪ್ಪಟೆ. ಒಂದೊಂದರ ನೆತ್ತಿಯ ಮೇಲೂ ಕಿಟಕಿಯ ಬೆಳಕು ಚುಕ್ಕೆಯಾಗಿ ಕೂತಿತ್ತು. ಕಾಗದ ಓರೆ ಮಾಡಿದರೆ ಎಲ್ಲವೂ ಒಟ್ಟಿಗೆ ಉರುಳಿದವು.

"ಸರಿ, ಕೊಡಿಲ್ಲಿ," ಎಂದು ವೆಂಡೆಲ್ ಕೈ ಚಾಚಿದ. "ನನ್ ಮದ್ದಿನ ತೂಕಾನೇ ಇಟ್ಟು ಇದನ್ನ ತುಂಬ್ತೀನಿ."

ಲವಾನ್ ಅವನ ಕೈಯನ್ನು ಪಟ್ಟನೆ ಹಿಡಿದಳು. ನಾನು ಅವಳನ್ನು ಅಷ್ಟು ಸಿಟ್ಟಿನಲ್ಲಿ ಕಂಡದ್ದು ಅದೇ ಮೊದಲು. "ತಲೆ ಇದ್ಯಾ ನಿಂಗೆ? ಒಂದೊಂದು ಮದ್ದು ಒಂದೊಂದು ಥರ ಉರಿಯತ್ತೆ. ಇದರ ತೂಕ ಅದಕ್ಕಲ್ಲ, ಅದರದ್ದು ಇದಕ್ಕಲ್ಲ. ಮೊದಲು ಪುಸ್ತಕ ತೆಗಿ."

ಮದ್ದು ತಯಾರಿಸುವವರು ಅಚ್ಚು ಹಾಕಿಸುವ ಪುಸ್ತಕ ಗ್ಯಾರೇಜಿನಲ್ಲೇ ಇತ್ತು, ಧೂಳು ಹಿಡಿದು. ಈ ಕೋವಿಯ ತೋಟಾಕ್ಕೆ, ಇಷ್ಟು ತೂಕದ ಗುಂಡಿಗೆ, ಈ ಮದ್ದು ಆಗುತ್ತದೆಯೇ ಎಂದು ಲವಾನ್ ಬೆರಳಿಟ್ಟು ಹುಡುಕಿದಳು. ಇತ್ತು. ಅದರ ಎದುರು ಎರಡು ಅಂಕಿ, ಒಂದು ಶುರು ಮಾಡುವುದಕ್ಕೆ, ಇನ್ನೊಂದು ದಾಟಬಾರದ್ದು. ಆ ಅಂಕಿಗಳನ್ನು ನಾನಿಲ್ಲಿ ಬರೆಯುವುದಿಲ್ಲ. ನಿಮ್ಮ ಕೋವಿಯ ಅಂಕಿ ನಿಮ್ಮ ಪುಸ್ತಕದಲ್ಲೇ ಸಿಗಬೇಕು.

ಆಮೇಲೆ ಯಂತ್ರವನ್ನು ಪೂರ್ತಿ ಖಾಲಿ ಮಾಡಿಸಿದಳು. ಹಳೆಯ ಮದ್ದು ಅದರದೇ ಸೀಸೆಗೆ ಹೋಯಿತು, ಸೀಸೆ ಕಪಾಟಿಗೆ ಹೋಯಿತು. ಮೇಜಿನ ಮೇಲೆ ಒಂದೇ ಮದ್ದು ಇರಬೇಕು ಎಂದಳು. ಡಬ್ಬಿಯ ಮೂಲೆಯಲ್ಲಿ ಒಂದು ಕಡ್ಡಿಯೂ ಉಳಿಯದ ಹಾಗೆ ಕುಂಚದಿಂದ ಗುಡಿಸಿಸಿ, ತನ್ನ ಮದ್ದು ಹಾಕಿದಳು.

ಹಿಡಿಕೆ ಎತ್ತಿದಾಗ ಸದ್ದೇ ಇಲ್ಲ. ಮದ್ದು ನೀರಿನ ಹಾಗೆ ಹರಿದು ಬಂತು. ಮೊದಲ ಮೂರ್ನಾಲ್ಕನ್ನು ಮದ್ದು ಡಬ್ಬಿಯಲ್ಲಿ ಸರಿಯಾಗಿ ಕೂರಲೆಂದು ತೂಗದೆ ಬಿಟ್ಟು, ಆಮೇಲೆ ತೂಗಿದಳು. ಮುಳ್ಳು ಒಂದು ಗೆರೆಯ ಮೇಲೆ ನಿಂತಿತು. ಎರಡನೆಯ ಸಲ, ಅದೇ ಗೆರೆ. ಮೂರನೆಯ ಸಲವೂ ಅಲ್ಲೇ. ಐದಾಗುವ ಹೊತ್ತಿಗೆ ನಾವೆಲ್ಲ ಮೇಜಿನ ಮೇಲೆ ಬಗ್ಗಿದ್ದೆವು. ಏಳು, ಎಂಟು. ಮುಳ್ಳು ಓಲಾಡಿ, ಓಲಾಡಿ, ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಹತ್ತನೆಯದು ನಿಂತಾಗ ವೆಂಡೆಲ್ ಟೋಪಿ ತೆಗೆದ. ನನ್ನ ಗಂಡ ಚರ್ಚಿನಲ್ಲಿ ಬಿಟ್ಟರೆ ಎಲ್ಲೂ ಟೋಪಿ ತೆಗೆಯುವವನಲ್ಲ.

"ಇನ್ನೊಂದು ಹತ್ತು ಸಲ ಸುರೀಲಾ?" ಎಂದು ಮೆಲ್ಲಗೆ ಕೇಳಿದ.

ಸುರಿದ. ಒಂದೇ ಒಂದು ಸಲ ಹತ್ತನೇ ಒಂದು ಗ್ರೇನ್ ಆಚೀಚೆ ಆಯಿತು, ಅಷ್ಟೇ.

ಅವನು ಸ್ಟೂಲಿನ ಮೇಲೆ ಕೂತು ಸಿಗ್ನೆಯ ಕಡೆ ತಿರುಗಿದ. "ನಿನ್ ಬೆರಳು ಸರಿಯಾಗೇ ಇತ್ತು ಮಗಳೇ."

"ಎರಡು ತಿಂಗಳು ಬೈದ್ಯಲ್ಲಪ್ಪ!" ಎಂದವಳೇ ನಕ್ಕಳು. ನಗುತ್ತಲೇ ಅತ್ತಳು.

"ಹಂಗಾದ್ರೆ ನನ್ ಹಳೇ ಮದ್ದು ಕೆಟ್ಟದ್ದಾ?" ವೆಂಡೆಲ್‌ಗೆ ಇನ್ನೂ ನೋವಿತ್ತು.

"ಕೆಟ್ಟದ್ದಲ್ಲ. ಒಳ್ಳೇ ಮದ್ದೇ ಅದು," ಎಂದಳು ಲವಾನ್. "ಅದೇ ಬೇಕು ಅಂದ್ರೆ ಒಂದೊಂದು ತೋಟಾದ್ದೂ ತಕ್ಕಡೀಲಿ ತೂಗಿ ತುಂಬು. ಹಿಡಿಕೆ ನಂಬಿ ತುಂಬೋದಾದ್ರೆ ಸಣ್ಣ ಕಾಳಿಂದು ಆರಿಸ್ಕೋ. ಇನ್ನೊಂದು ಮಾತು. ಕೆಲವು ದುಂಡು ಮದ್ದು ಬಿಸಿಲಲ್ಲೊಂದು ಥರ, ಚಳೀಲೊಂದು ಥರ ಹೊಡೆಯತ್ತೆ. ಬೆಟ್ಟದ ಮೇಲೆ ಚಳಿ. ಹಿಮ ಬಿದ್ದ ಬೆಳಗ್ಗೆ ಒಂದ್ಸಲ ಹೊಡೆದು ನೋಡ್ದೆ ಹೋಗ್ಬೇಡಿ."

ತಾನು ಮೊದಲೇ ತುಂಬಿಟ್ಟಿದ್ದ ಅರವತ್ತು ತೋಟಾಗಳನ್ನು ವೆಂಡೆಲ್ ಒಂದೊಂದಾಗಿ ಬಿಚ್ಚಿದ. ಎರಡು ಮಧ್ಯಾಹ್ನ ಹಿಡಿಯಿತು. ಪ್ರತಿಯೊಂದನ್ನೂ ತೂಗಿ ನೋಡಿದ. ನಲವತ್ತಮೂರನೆಯದನ್ನು ತೂಗಿದವನು ಎದ್ದು ಹೊರಗೆ ಹೋಗಿ ಬೇಲಿ ಹಿಡಿದು ನಿಂತ. ಅದರಲ್ಲಿ ಮದ್ದು ಎಷ್ಟು ಹೆಚ್ಚಿತ್ತು ಎಂದು ನಾನು ಕೇಳಲಿಲ್ಲ. ಅವನೂ ಇವತ್ತಿನವರೆಗೆ ಹೇಳಿಲ್ಲ.

ಹೊಸ ಮದ್ದನ್ನು ಪುಸ್ತಕದ ಕೆಳಗಿನ ಅಂಕಿಯಿಂದ ಶುರು ಮಾಡಿ ಸ್ವಲ್ಪಸ್ವಲ್ಪವೇ ಏರಿಸಿದರು. ಗುಂಡು ಕೂರಿಸಿ ಮುಚ್ಚುವ ಮೊದಲು ಎಲ್ಲ ತೋಟಾಗಳನ್ನು ಸಾಲಾಗಿ ನಿಲ್ಲಿಸಿ ಟಾರ್ಚು ಹಿಡಿದು ಒಳಗಿನ ಮಟ್ಟ ನೋಡುವುದು ಸಿಗ್ನೆಯ ಕೆಲಸ. ಸೆಪ್ಟೆಂಬರಿನ ಮೊದಲ ಹಿಮ ಬಿದ್ದ ಬೆಳಗ್ಗೆ ಅವಳು ದಿಬ್ಬಕ್ಕೆ ಐದು ಗುಂಡು ಹೊಡೆದಳು. ಕಾಗದ ತರಲು ಹೋದ ವೆಂಡೆಲ್ ಅದರ ಮೇಲೆ ಕೈ ಇಟ್ಟು ನೋಡಿದ. ಐದೂ ತೂತುಗಳನ್ನು ಅವನ ಅಂಗೈ ಮುಚ್ಚುತ್ತಿತ್ತು.

ಅಕ್ಟೋಬರಿನ ಮೊದಲ ವಾರ ಅಪ್ಪ ಮಗಳು ಬೆಟ್ಟ ಹತ್ತಿದರು. ನಾಲ್ಕನೆಯ ದಿನ ನಾನೂ ಲವಾನೂ ಅವರಿಗೆ ರೊಟ್ಟಿ, ಒಣಮಾಂಸ ತೆಗೆದುಕೊಂಡು ದಾರಿ ಶುರುವಾಗುವ ಜಾಗಕ್ಕೆ ಹೋಗಿದ್ದೆವು. ಲವಾನ್ ಮೂರು ಕಾಲಿನ ದೊಡ್ಡ ದುರ್ಬೀನು ನಿಲ್ಲಿಸಿ ಬಂಡೆಗಳ ಮೇಲೆ ಹುಡುಕುತ್ತಿದ್ದವಳು ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದಳು.

"ಆರ್ಡಿಸ್. ಬಾ. ಉಸಿರು ಬಿಡ್ಬೇಡ, ಗಾಜಿಗೆ ಮಂಜು ಹಿಡಿಯತ್ತೆ."

ಒಂದೂವರೆ ಮೈಲಿ ಆಚೆ, ಆಕಾಶಕ್ಕೆ ತಾಗಿದ ಅಂಚಿನಲ್ಲಿ ಆ ಟಗರು ನಿಂತಿತ್ತು. ಕೊಂಬು ಕಿವಿಯ ಹಿಂದಿನಿಂದ ಸುತ್ತಿ ಕೆನ್ನೆಯ ಪಕ್ಕ ಮುಂದೆ ಬಂದಿತ್ತು. ಎಷ್ಟು ಚಳಿಗಾಲ ಆ ಕಲ್ಲುಗಳ ಮೇಲೆ ಕಳೆದಿತ್ತೋ. ಇಡೀ ಕಣಿವೆ ತನ್ನದೇ ಎಂಬಂತೆ ಕೆಳಗೆ ನೋಡುತ್ತಿತ್ತು. ಅದರ ಕೆಳಗಿನ ಕಲ್ಲುರಾಶಿಯಲ್ಲಿ ಬೇಟೆಗಾರರು ತೊಡುವ ಕಿತ್ತಳೆ ಬಣ್ಣದ ಅಂಗಿಯ ಎರಡು ಚುಕ್ಕೆಗಳು ಕಂಡವು. ನನ್ನವರು.

ನೋಡುತ್ತಿದ್ದ ಹಾಗೆ ಟಗರು ಮುಂಗಾಲು ಮಡಿಸಿತು, ಮಲಗಿದ ಹಾಗೆ ನಿಂತಲ್ಲೇ ಕುಸಿಯಿತು. ಎಲ್ಲೂ ಸದ್ದಿಲ್ಲ. ಗಾಳಿಯೂ ಇಲ್ಲ. ಏಳೆಂಟು ಎಣಿಸುವಷ್ಟು ಹೊತ್ತಾದ ಮೇಲೆ ಒಂದೇ ಒಂದು ಗುಂಡಿನ ಸದ್ದು ಬೆಟ್ಟದಿಂದ ಬೆಟ್ಟಕ್ಕೆ ಉರುಳುತ್ತಾ ನಮ್ಮ ತನಕ ಬಂತು.

ಕಾದೆವು. ಎರಡನೆಯ ಸದ್ದು ಬರಲಿಲ್ಲ.

ದುರ್ಬೀನಿನಲ್ಲಿ ನೋಡಿದರೆ ಕಿತ್ತಳೆ ಚುಕ್ಕೆಗಳು ಕುಣಿಯುತ್ತಿರಲಿಲ್ಲ. ಮೆಲ್ಲಗೆ ಹತ್ತಿ ಹೋಗಿ ಅದರ ಪಕ್ಕ ಮೊಣಕಾಲೂರಿ ಕೂತವು.

ಸಂಜೆ ಮಾಂಸದ ಹೊರೆ ಇಳಿಸುತ್ತಾ ವೆಂಡೆಲ್ ನನಗೆ ಹೇಳಿದ್ದು ಇಷ್ಟೇ. "ಅದಕ್ಕೆ ಗೊತ್ತೇ ಆಗ್ಲಿಲ್ಲ ಕಣೇ." ಆಮೇಲೆ ಲವಾನ್‌ಳ ಕಡೆ ತಿರುಗಿದ. "ಬರೋ ಭಾನುವಾರ ನಮ್ಮ ಸಂಘದಲ್ಲಿ ಆ ತಕ್ಕಡಿ ಎಲ್ರಿಗೂ ತೋರಿಸ್ತೀಯಾ? ಹಿಡಿಕೆ ನಾನ್ ಎತ್ತಿ ಇಳಿಸ್ತೀನಿ. ನನ್ನ ಹಳೇ ಮದ್ದೂ ತರ್ತೀನಿ. ನೋಡ್ಲಿ ಎಲ್ರೂ."

ತೋಟಾ ತುಂಬುವ ಅಣ್ಣಂದಿರೇ, ಅಕ್ಕಂದಿರೇ, ಈ ಹಾಳೆ ಓದಿ ಮಡಿಸಿಡುವ ಮೊದಲು ಗ್ಯಾರೇಜಿಗೆ ಹೋಗಿ. ನಿಮ್ಮ ಯಂತ್ರದಿಂದ ಹತ್ತು ಸಲ ಸುರಿಯಿರಿ, ಹತ್ತನ್ನೂ ತೂಗಿ. ಹಿಡಿಕೆ ಕರಕ್ ಎಂದರೆ ಅದನ್ನು ಕೇಳಿಸಿಕೊಳ್ಳಿ. ನಿಮ್ಮ ತೋಟಾಕ್ಕೆ ಪುಸ್ತಕ ಒಪ್ಪಿದ ಮದ್ದುಗಳಲ್ಲಿ ಸಮನಾಗಿ ಹರಿಯುವುದನ್ನು ಆರಿಸಿ, ಅದರದೇ ಕೆಳಗಿನ ಅಂಕಿಯಿಂದ ಶುರು ಮಾಡಿ. ಎರಡು ಮದ್ದು ಎಂದೂ ಬೆರೆಸಬೇಡಿ. ಗುಂಡು ಕೂರಿಸುವ ಮೊದಲು ಪ್ರತಿಯೊಂದರೊಳಗೂ ಬೆಳಕು ಬಿಟ್ಟು ನೋಡಿ. ನೀವು ತುಂಬಿದ ತೋಟಾದ ಹಿಂದೆ ನೀವು ಪ್ರೀತಿಸುವವರ ಮುಖ ಇರುತ್ತದೆ. ಅದರ ಮುಂದೆ ಇರುವ ಪ್ರಾಣಿಗೂ ಒಂದೇ ಗುಂಡಿನ ಸಾವಿನ ಹಕ್ಕಿದೆ. ಇವತ್ತೇ ತೂಗಿ ನೋಡಿ.