ಒಂದು ಗುಳಿಗೆ ಒಂದು

ಯಶ್ವಂತ ವೈರಸ್ ಹಿಡಿದ ಸುದ್ದಿ ಮಣಿಪಾಲದ ಲ್ಯಾಬಿನ ಬಾಗಿಲು ದಾಟುವ ಮೊದಲೇ ಕಾಪುವಿನ ಮೀನು ಮಾರ್ಕೆಟ್ಟಿಗೆ ಮುಟ್ಟಿತ್ತು. ಮುಟ್ಟಿಸಿದ್ದು ಒಣಮೀನು ಮಾರುವ ಅವನ ಅಜ್ಜಿ ಅಕ್ಕು. ಅಜ್ಜಿಗೆ ಫೋನಿನಲ್ಲಿ ಹೇಳಿದ್ದು ಅವನೇ, ಬಾಯಿ ತಡೆಯದೆ. ಅನುಭವಿಸಲಿ.

"ಬಲೆಯಲ್ಲಿ ಸಿಕ್ಕಿತಾ, ಗಾಳದಲ್ಲಾ?" ಬೆಳಿಗ್ಗೆ ಬಸ್ಸಿಗೆ ನಿಂತವನನ್ನು ಬುಟ್ಟಿಯ ಹೆಂಗಸರು ಕೇಳಿದರು.

"ಗುಳಿಯಲ್ಲಿ," ಎಂದ ಗಂಭೀರವಾಗಿ.

ಪ್ಲಾಸ್ಟಿಕ್ಕಿನ ತೆಳು ಹಾಳೆ, ಅದರ ಮೇಲೆ ಅಪ್ಪದ ಕಾವಲಿಯ ಹಾಗೆ ಸಾಲು ಸಾಲು ಗುಳಿ, ಕಣ್ಣಿಗೆ ಕಾಣದಷ್ಟು ಸಣ್ಣದು. ಗುಳಿಗೆ ಒಂದೇ ವೈರಸ್ ಕೂರಬೇಕು. ಬ್ಯಾಕ್ಟೀರಿಯಾವನ್ನು ಮಾತ್ರ ಕಾಡುವ, ಮನುಷ್ಯರ ತಂಟೆಗೆ ಬಾರದ ಜಾತಿ. ಮಳೆಗಾಲ ಪೂರ್ತಿ ಒಂದೂ ಕೂರಲಿಲ್ಲ. ನಿನ್ನೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎಲ್ಲ ಗುಳಿಯೂ ಭರ್ತಿ! ಇವತ್ತು ಆ ಚಿತ್ರವನ್ನು ಲ್ಯಾಬಿನ ಮುಖ್ಯಸ್ಥ ವಿಜಯೀಂದ್ರ ಸರ್‌ಗೆ ತೋರಿಸಿದರೆ ಅವನ ಕೆಲಸ ಇನ್ನೊಂದು ವರ್ಷ ಉಂಟು. ಇಲ್ಲದಿದ್ದರೆ ಇಲ್ಲ.

ಜೊತೆಗೆ ಕೆಲಸ ಮಾಡುವ ಕಾರ್ಕಳದ ಶ್ರೇಯಾ ಚಿತ್ರ ನೋಡಿ ನಕ್ಕಳು. "ಇದೆಂತ ಮಾರಾಯ, ನಿನ್ನ ವೈರಸ್ಸಿಗೆ ಮೂಲೆ ಉಂಟಲ್ಲ? ನಮ್ಮೂರ ಕೋರೆಯಲ್ಲಿ ಕಡಿದ ಕಲ್ಲಿನ ಹಾಗೆ ಚೌಕ ಚೌಕ!"

"ನಿನಗೆ ಹೊಟ್ಟೆಕಿಚ್ಚು."

"ವೈರಸ್ ಇಲ್ಲದ ಬರೀ ಉಪ್ಪುನೀರು ಬಿಟ್ಟ ಹಾಳೆ ನೋಡಿದ್ದೀಯಾ?"

ನೋಡಿರಲಿಲ್ಲ. ವೈರಸ್ಸನ್ನು ಇಡುವುದೇ ಉಪ್ಪುನೀರಲ್ಲಿ. ಹನಿ ಒಣಗಿದರೆ ಉಪ್ಪು ಉಳಿಯುತ್ತದೆ. ಒಣಮೀನಿನ ಮನೆಯಲ್ಲಿ ಹುಟ್ಟಿದ ಮಹಾಬುದ್ಧಿವಂತನಿಗೆ ಇಷ್ಟು ಹೊಳೆಯಲಿಲ್ಲ! ಈಗ ನೋಡಿದ. ಅಲ್ಲಿಯೂ ಗುಳಿ ತುಂಬ ಅವೇ ಚೌಕಗಳು. ಸರ್ ಸದಾ ಕನ್ನಡಕ ಮರೆಯುವ ಮನುಷ್ಯ. ಮೂಲೆ ಕಾಣಲಿಕ್ಕಿಲ್ಲ. ತೋರಿಸಿಬಿಡಲೇ ಎಂದು ಬಾಯಿಬಿಟ್ಟೇ ಕೇಳಿದ.

"ತೋರಿಸು, ತೋರಿಸು," ಎಂದಳು ಶ್ರೇಯಾ. "ಉಪ್ಪು ಹಿಡಿದ ವಿಜ್ಞಾನಿ ಅಂತ ನಾನೇ ಶಾಲು ಹೊದಿಸುತ್ತೇನೆ."

ಬೈದುಕೊಂಡೇ ಎರಡೂ ಹಾಳೆಗಳನ್ನು ಶುದ್ಧ ನೀರಲ್ಲಿ ತೊಳೆದ. ಉಪ್ಪಾದರೆ ಕರಗಬೇಕು, ವೈರಸ್ಸಾದರೆ ಅಂಟಿಕೊಂಡಿರಬೇಕು. ಬರೀ ಉಪ್ಪುನೀರಿನ ಹಾಳೆ ಪೂರ್ತಿ ಖಾಲಿ. ಇನ್ನೊಂದೂ ಖಾಲಿ, ಖಾಲಿ, ಖಾಲಿ... ಅಂಚಿನ ಒಂದು ಗುಳಿಯಲ್ಲಿ ಮಾತ್ರ ದುಂಡಗೆ ಒಂದು ಕೂತಿತ್ತು.

ಉಪ್ಪಿನ ಕಥೆಯ ಸಮೇತ ಅದನ್ನೇ ತೋರಿಸಿದ. ಸರ್ ಅಂದು ಹುಡುಕಿ ಕನ್ನಡಕ ಹಾಕಿಕೊಂಡರು.

"ಗುಳಿ ಭರ್ತಿ ಅಂದಿದ್ದರೆ ನಂಬುತ್ತಿರಲಿಲ್ಲ. ಇದನ್ನು ನಂಬಬಹುದು. ಮುಂದಿನ ವರ್ಷ ಎರಡನೆಯದನ್ನು ಹಿಡಿ."

ಸಂಜೆ ಅಜ್ಜಿ ಅಂಗಳದಲ್ಲೇ ಕಾದಿದ್ದಳು. "ಒಟ್ಟು ಎಷ್ಟಾಯ್ತು ಮಗ?"

"ಒಂದು."

"ಒಂದಾ! ಒಂದೇ ಬೂತಾಯಿ ಮೀನು ಸಿಕ್ಕಿದರೆ ನಾವದನ್ನು ಬೆಕ್ಕಿಗೆ ಹಾಕುತ್ತೇವೆ." ಸ್ವಲ್ಪ ಯೋಚಿಸಿ ದನಿ ತಗ್ಗಿಸಿದಳು. "ಮಾರ್ಕೆಟ್ಟಲ್ಲಿ ನಾನು ಬುಟ್ಟಿ ತುಂಬ ಅಂತ ಹೇಳಿಯಾಗಿದೆ. ನಾಳೆ ಬಸ್ಸಿಗೆ ನಿಂತಾಗ ಬಾಯಿ ಮುಚ್ಚಿಕೊಂಡಿರು, ಆಯ್ತಾ?"