ಬಂದರೂ ಬಾರದವಳು

ಇಪ್ಪತ್ತೇಳು ವರ್ಷ ಕಾನೂನು ಪಾಠ ಮಾಡಿ ವೆಂಕಟರವಣಪ್ಪನವರಿಗೆ ಸಾಕುಸಾಕಾಗಿತ್ತು. ಚಿಕ್ಕಬಳ್ಳಾಪುರದ ಹೊರಗಿನ ಆ ಕಾಲೇಜಿನಲ್ಲಿ, ಪರೀಕ್ಷೆ ಹತ್ತಿರ ಬಂತೆಂದರೆ ವರ್ಷವಿಡೀ ಮುಖ ತೋರಿಸದ ಹುಡುಗರು ಮಾವನನ್ನೋ ಮೆಂಬರನ್ನೋ ಕರೆದುಕೊಂಡು ಬರುವುದು, ಇವರು ಗೊಣಗಿಕೊಂಡೇ ಹಾಜರಿ ಕೊಡುವುದು ನಡೆದೇ ಇತ್ತು. 2006ರಲ್ಲಿ ಒಂದು ನಿಯಮ ಮಾಡಿದರು. ಎಂಟೂವರೆಗೆ ಹೆಸರು ಕೂಗಿ ರಿಜಿಸ್ಟರ್ ಮುಚ್ಚುವುದು. ಆಮೇಲೆ ದೇವರೇ ಬಂದರೂ ಬಂದಿಲ್ಲವೆಂದೇ ಲೆಕ್ಕ.

ನಿಯಮವೇನೋ ಚೆನ್ನಾಗಿತ್ತು. ಆದರೆ ಕೂಗುವಾಗ ಮಹರಾಯರು ತಲೆ ಎತ್ತುತ್ತಿರಲಿಲ್ಲ. ಒಬ್ಬನೇ ಆರು ಜನರ ಪರವಾಗಿ ‘ಎಸ್ ಸಾರ್’ ಅನ್ನುವುದು ಕಿವಿಗೆ ಬೀಳುತ್ತಿತ್ತು. ಯಾರು ಜಗಳವಾಡುತ್ತಾರೆಂದು ಸುಮ್ಮನಿದ್ದರು.

ಎಂಟೂ ಐವತ್ತಕ್ಕೆ ಶಿಡ್ಲಘಟ್ಟದ ಬಸ್ಸಿಳಿದು ರೂಬಿ ಬರುತ್ತಿದ್ದಳು. ಕೋಳಿ ಕೂಗುವ ಮುಂಚೆ ಎದ್ದು, ತಾಯಿಯ ಜೊತೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆದು, ಅದೇ ವಾಸನೆಯ ಕೈಯಲ್ಲಿ ನೋಟ್ಸ್ ಬರೆಯುವವಳು. ತರಗತಿಯಲ್ಲಿ ಪ್ರಶ್ನೆ ಕೇಳುತ್ತಿದ್ದವಳು ಅವಳೊಬ್ಬಳೇ. ಇವಳಿಗೋಸ್ಕರವೇ ಪಾಠ ಮಾಡುತ್ತಿದ್ದೇನೆ ಎಂದು ಅವರಿಗೆ ಎಷ್ಟೋ ದಿನ ಅನ್ನಿಸಿತ್ತು.

ಹಾಜರಿ ಸಾಲದವರ ಪಟ್ಟಿಗೆ ಸಹಿ ಹಾಕುವಾಗಲೂ ಓದಿ ನೋಡಲಿಲ್ಲ. ನೋಟಿಸ್ ಬೋರ್ಡಿಗೆ ಬಿದ್ದ ಮೇಲೆಯೇ ಅದನ್ನು ಓದಿದ್ದು. ಇದ್ದದ್ದು ಒಂದೇ ಹೆಸರು, ರೂಬಿ. ಪರೀಕ್ಷೆಯಿಲ್ಲ, ಒಂದು ವರ್ಷ ಹಾಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದರು.

ಅಂದೇ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು. ಈ ಹುಡುಗಿ ದಿನವೂ ಬಂದಿದ್ದಾಳೆ, ನನ್ನ ರಿಜಿಸ್ಟರೇ ಸುಳ್ಳು. ಅದು ಹೋಗಬೇಕಾದ್ದು ಪ್ರಿನ್ಸಿಪಾಲರ ಮೂಲಕ. ಪ್ರಿನ್ಸಿಪಾಲ್ ಚನ್ನಕೇಶವ ಇವರದೇ ಹಳೆಯ ಶಿಷ್ಯ. ಓದಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ.

“ಹಿಂಗೆ ಬರೆದ್ರೆ ಎಪ್ಪತ್ತು ಜನದ್ದೂ ಹಾಲ್ ಟಿಕೆಟ್ ನಿಲ್ಲಿಸ್ತಾರೆ ಸಾರ್. ನಿಮ್ಮ ಮೇಲೂ ವಿಚಾರಣೆ ಆಗ್ತದೆ. ಒಬ್ಬಳಿಗೋಸ್ಕರ ಯಾಕೆ?”

ನೂರು ಅಪರಾಧಿಗಳು ತಪ್ಪಿಸಿಕೊಂಡರೂ ಒಬ್ಬ ನಿರಪರಾಧಿಗೆ ಶಿಕ್ಷೆಯಾಗಬಾರದು ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವರು ಅವರು. ಆದರೆ ಬೆಂಗಳೂರಿಗೆ ಅಲೆದಾಟ, ಹುಡುಗರ ಅಪ್ಪಂದಿರ ರಂಪ, ಎಲ್ಲ ನೆನೆದೇ ಸಾಕೆನಿಸಿತು. ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡರು.

ಬಸ್ ಸ್ಟ್ಯಾಂಡಿನಲ್ಲಿ ರೂಬಿ ಸಿಕ್ಕಳು. ಅವಳನ್ನು ಕಂಡು ಅವರಿಗೆ ಸಿಟ್ಟೇ ಬಂತು.

“ಅಲ್ಲಮ್ಮ, ದಿನಾ ಬಂದಿದ್ದೀಯ. ಒಂದು ಸಲ ನನ್ನ ಕೇಳಬಾರ್ದಾಗಿತ್ತಾ?”

“ಲೇಟಾದ್ರೆ ಇಲ್ಲ ಅಂತ ನೀವೇ ಹೇಳಿದ್ರಲ್ಲ ಸಾರ್. ಎಲ್ರಿಗೂ ಒಂದು, ನನಗೊಂದು ಆದ್ರೆ ತಪ್ಪಲ್ವಾ?” ಮುಂದಿನ ವರ್ಷ ಮೊದಲನೇ ಬಸ್ಸಿಗೇ ಬರ್ತೀನಿ, ನೂಲು ತೆಗೆಯೋಕೆ ಅಮ್ಮಿ ಬೇರೆಯೋರನ್ನ ಇಟ್ಕೊತಾರಂತೆ ಎಂದು ಅವರಿಗೇ ಸಮಾಧಾನ ಹೇಳಿದಳು.

ಇಡೀ ಕಾಲೇಜಿನಲ್ಲಿ ಅವರ ನಿಯಮವನ್ನು ನಂಬಿದವಳು ಇವಳೊಬ್ಬಳೇ. ಅವರಿಗೆ ನಾಚಿಕೆಯಾಯಿತು. ಜೇಬಿನಲ್ಲಿದ್ದ ಪತ್ರದ ಮಾತೆತ್ತಲಿಲ್ಲ. ಎತ್ತಿದ್ದರೆ ಅದನ್ನೂ ನಂಬಿಬಿಡುತ್ತಿದ್ದಳು.